ಭುಜದ ಮೇಲೆ ಒಂದು ತಟ್ಟು

ಗುಂಡು ಹಾರಿಸುವುದನ್ನು ಕಲಿಸುವ ಆ ಕ್ಲಬ್ಬಿನಲ್ಲಿ ಎಲ್ಲರೂ ಕಿವಿ ಮುಚ್ಚಿಕೊಂಡೇ ಇರುತ್ತಿದ್ದರು. ಮುಚ್ಚಿಕೊಳ್ಳದೆ ಓಡಾಡುತ್ತಿದ್ದವನು ಅವನೊಬ್ಬನೇ. ಅದಕ್ಕೇ ಅವನಿಗೆ ಕಿವಿಯಣ್ಣ ಎಂಬ ಹೆಸರು ಬಿದ್ದಿತ್ತು. ತಂದೆತಾಯಿ ಇಟ್ಟ ಹೆಸರು ಅವನ ತಾಯಿಯ ಬಾಯಲ್ಲಿ ಮಾತ್ರ ಉಳಿದಿತ್ತು, ಅದೂ ಬೈಯುವಾಗ.

ತಗಡಿನ ಉದ್ದನೆಯ ಚಪ್ಪರ, ಅದರಡಿ ಸಾಲಾಗಿ ಹಾಸಿದ ಚಾಪೆಗಳು, ಪ್ರತಿ ಚಾಪೆಯ ಮುಂದೆ ಬಂದೂಕು ಊರಲು ಮರಳಿನ ಮೂಟೆ, ದೂರದಲ್ಲಿ ಗುರಿಯ ಹಲಗೆಗಳು, ಅವುಗಳ ಹಿಂದೆ ಗುಂಡು ನುಂಗಿ ನುಂಗಿ ಸವೆದುಹೋದ ಮಣ್ಣಿನ ದಿಬ್ಬ. ಮಲಗಿ ಗುರಿ ಹಿಡಿದವರ ಹಿಂದೆ ಬೆಳಗಿನಿಂದ ಸಂಜೆಯವರೆಗೆ ನಡೆದಾಡುವುದೇ ಅವನ ಕೆಲಸ. ಹೊಸಬರು ಬಂದೂಕಿನ ಮೇಲಿನ ದುರ್ಬೀನಿಗೆ ಕಣ್ಣು ಅಂಟಿಸಿಕೊಂಡು ಹೊಡೆದಾಗ ಬಂದೂಕು ಹಿಂದಕ್ಕೆ ಒದ್ದು ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯುತ್ತಿತ್ತು. ಹಾರಿ ಬಂದ ಬಿಸಿ ಖಾಲಿ ತೋಟಾ ಯಾರದೋ ಕಾಲರಿನೊಳಗೆ ಇಳಿದು ಅವರು ಮೈಮೇಲೆ ಬಂದವರಂತೆ ಕುಣಿಯುತ್ತಿದ್ದರು. ಕುಣಿಯುವಾಗಲೂ ನಳಿಕೆ ಬೇರೆಯವರ ಕಡೆ ತಿರುಗದಂತೆ ಅವನು ಮೊದಲು ಬಂದೂಕನ್ನು ಹಿಡಿಯುತ್ತಿದ್ದ, ಆಮೇಲೆ ಮನುಷ್ಯನನ್ನು. ಒತ್ತಿದರೂ ಸಿಡಿಯದ ತೋಟಾ ಎಂದರೆ ಇನ್ನೂ ನಂಬಬಾರದ್ದು. ತಡವಾಗಿ ಸಿಡಿದರೂ ಸಿಡಿದೀತು. ಗುರಿಯ ಕಡೆಗೇ ಹಿಡಿದು ಕಾಯಬೇಕು. "ಹೆಂಡ್ತಿ ಸಿಟ್ಟಿನ ಹಾಗೆ ಇದು. ಸದ್ದಿಲ್ಲ ಅಂತ ಹತ್ರ ಹೋಗಬಾರ್ದು" ಎಂದು ಅವನು ಹೇಳಿಕೊಡುತ್ತಿದ್ದ. ಕಲಿಯಲು ಬಂದವರು ನಕ್ಕು, ನಕ್ಕಿದ್ದರಿಂದಲೇ ನೆನಪಿಟ್ಟುಕೊಳ್ಳುತ್ತಿದ್ದರು.

ಅವನು ನಿಜವಾಗಿ ಹೆದರುತ್ತಿದ್ದುದು ಸಪ್ಪೆ ಸದ್ದಿಗೆ. ಮದ್ದು ಕಡಿಮೆ ತುಂಬಿದ ತೋಟಾ ಢಂ ಎನ್ನುವ ಬದಲು ಟುಸ್ ಎನ್ನುತ್ತದೆ. ಗುಂಡು ಹೊರಗೆ ಬರದೆ ನಳಿಕೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಇನ್ನೊಂದು ಹಾರಿಸಿದರೆ ನಳಿಕೆ ಹಾರಿಸಿದವರ ಕೈಯಲ್ಲೇ ಸೀಳಿಹೋಗುತ್ತದೆ. ಕಿವಿ ಮುಚ್ಚಿಕೊಂಡವರಿಗೆ ಢಂ ಯಾವುದು, ಟುಸ್ ಯಾವುದು ಎಂದು ಹೇಗೆ ಗೊತ್ತಾಗಬೇಕು? ಅದಕ್ಕೆ ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ ನಡೆದುಬಂದಿತ್ತು. ಅನುಮಾನ ಬಂದವರು ಮಲಗಿದಲ್ಲಿಂದಲೇ ಎಡಗೈ ಎತ್ತಬೇಕು. ಕಿವಿಯಣ್ಣ ಬಂದು ಭುಜ ತಟ್ಟುತ್ತಾನೆ. ಒಂದು ಸಲ ತಟ್ಟಿದರೆ ಸದ್ದು ಸರಿಯಿತ್ತು, ಮುಂದುವರಿಸಿ ಎಂದು. ಎರಡು ಸಲ ತಟ್ಟಿದರೆ ಬಂದೂಕು ಕೆಳಗಿಟ್ಟು ಏಳಬೇಕು. ಒಮ್ಮೆ ಒಬ್ಬ ಕಂಟ್ರಾಕ್ಟರು ಕೈ ಎತ್ತದಿದ್ದರೂ ಇವನೇ ಓಡಿಹೋಗಿ ಎರಡು ತಟ್ಟಿದ್ದ. ನಳಿಕೆಗೆ ಕಡ್ಡಿ ತೂರಿಸಿ ನೋಡಿದರೆ ಗುಂಡು ಅಲ್ಲೇ ಕೂತಿತ್ತು. ಆ ಮನುಷ್ಯ ಮರುದಿನ ತಂದುಕೊಟ್ಟ ಟೇಬಲ್ ಫ್ಯಾನು ಇವರ ಮನೆಯಲ್ಲಿ ಈಗಲೂ ಕಟಕಟ ಎನ್ನುತ್ತ ತಿರುಗುತ್ತಿತ್ತು.

ಮನೆ ಎಂದರೆ ಕ್ಲಬ್ಬಿನ ಹಿಂದಿನ ಎರಡು ಕೋಣೆ. ಕೆಲಸ ಇರುವತನಕ ಮಾತ್ರ ಮನೆ. ಅಲ್ಲಿ ಅವನು, ಅವನ ತಾಯಿ, ಹೆಂಡತಿ, ಇನ್ನೂ ಹಲ್ಲು ಮೂಡದ ಮಗಳು. ಹೆಂಡತಿ ಸ್ವಲ್ಪ ಅಂಜುಬುರುಕಿ. ಮಗು ಹೆಚ್ಚು ನಿದ್ದೆ ಮಾಡಿದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು, ಕಡಿಮೆ ಮಾಡಿದರೆ ಜ್ವರವೇ ಎಂದು ಹಣೆ ಮುಟ್ಟುವಳು. ಹೀಗೆ ಸದಾ ಮಗುವಿನ ಸುತ್ತಲೇ ಸುಳಿಯುವ ಕಣ್ಣಿಗೇ ಅದು ಮೊದಲು ಬಿದ್ದದ್ದು. ಒಂದು ಮಧ್ಯಾಹ್ನ ಅವಳು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಮಗುವಿನ ಅಳು ಕೇಳಿ ಓಡಿಬಂದಳು. ಮಗು ತೊಟ್ಟಿಲಲ್ಲಿ ಕೆಂಪಾಗುವಷ್ಟು ಅಳುತ್ತಿತ್ತು. ತೊಟ್ಟಿಲಿಗೆ ಬೆನ್ನು ಮಾಡಿ ಕೂತ ಅವನು ನಿಶ್ಚಿಂತೆಯಿಂದ ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದ.

"ಅತ್ತೆ, ಇವರಿಗೆ ಮಗು ಅತ್ತಿದ್ದು ಕೇಳಿಸ್ಲಿಲ್ಲ" ಎಂದಳು ಅಡುಗೆಮನೆಗೆ ಹೋಗಿ.

"ಅವನಿಗೆ ಚಿಕ್ಕಂದಿನಿಂದ್ಲೂ ಕೆಲಸದ ಮಾತು ಕೇಳಿಸಲ್ಲಮ್ಮ. ಊಟಕ್ಕೆ ಕರೆದು ನೋಡು, ಹೇಗೆ ಕೇಳಿಸುತ್ತೆ" ಎಂದರು ಅತ್ತೆ.

ಅವಳು ನಿಜಕ್ಕೂ ಕರೆದು ನೋಡಿದಳು. ಅವನ ಬೆನ್ನ ಹಿಂದೆ ನಿಂತು, ಮಾಮೂಲು ದನಿಯಲ್ಲಿ, "ರೀ, ಊಟಕ್ಕೆ ಬನ್ನಿ." ಅವನು ಬೂಟನ್ನು ಬೆಳಕಿಗೆ ಹಿಡಿದು ನೋಡಿದ, ಇನ್ನೊಂದನ್ನು ಎತ್ತಿಕೊಂಡ. ಅವಳು ಮುಂದೆ ಬಂದು ಕೂತು ಮುಖಕ್ಕೆ ಮುಖ ಕೊಟ್ಟು ಕೇಳಿದಳು: "ಯಾವಾಗಿಂದ?"

ಅವನು ಸುಳ್ಳು ಹೇಳಲಿಲ್ಲ. "ಹೋದ ಬೇಸಿಗೆಯಿಂದ ಜಾಸ್ತಿ ಆಗಿದೆ. ಒಂದೇ ಸಮ ಕೀ ಅಂತಿರುತ್ತೆ, ಅದರ ಹಿಂದೆ ಎಲ್ಲ ಮಸುಕು."

"ಮತ್ತೆ ಅಲ್ಲಿ ಹೇಗೆ ಮಾಡ್ತೀರಿ?"

"ಭುಜ ನೋಡ್ತೀನಿ. ಸರಿಯಾಗಿ ಸಿಡಿದ್ರೆ ಬಂದೂಕು ಭುಜನ ಹಿಂದಕ್ಕೆ ತಳ್ಳುತ್ತೆ. ಸಪ್ಪೆ ಆದ್ರೆ ಅಲುಗಾಡಲ್ಲ. ಕಣ್ಣು ಚೆನ್ನಾಗಿದೆಯಲ್ಲ, ನೀನು ಸುಮ್ನೆ ಗಾಬರಿ ಆಗ್ಬೇಡ."

"ಕ್ಲಬ್ಬಿನ ಕಾರ್ಯದರ್ಶಿಗಳಿಗೆ ಹೇಳಿಬಿಡೋಣ ರೀ."

"ಹೇಳಿ? ಕಿವಿ ಇಲ್ಲದ ಕಿವಿಯಣ್ಣನ್ನ ಇಟ್ಕೊಂಡು ಅವರೇನು ಉಪ್ಪಿನಕಾಯಿ ಹಾಕ್ತಾರಾ? ನಾಳೆನೇ ಮನೆ ಖಾಲಿ ಮಾಡು ಅಂತಾರೆ. ಮಗುನ ಎತ್ಕೊಂಡು ಎಲ್ಲಿಗೆ ಹೋಗ್ತೀಯ?"

ಎಲ್ಲಿಗೆ ಹೋಗುವುದು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಆ ದಿನದಿಂದ ಅವಳ ಎದೆಯಲ್ಲಿ ಒಂದು ಕಲ್ಲು ಕೂತಿತು. ಹೇಳಿಬಿಡಬೇಕು ಎಂದು ಫೋನು ಕೈಗೆತ್ತಿಕೊಳ್ಳುವಳು, ಮಗು ಕಣ್ಣಿಗೆ ಬೀಳುವುದು, ಫೋನು ಕೆಳಗಿಡುವಳು.

ಕಣ್ಣೊಂದನ್ನೇ ನಂಬಿದವನಿಗೆ ಧೈರ್ಯ ಕಡಿಮೆಯಾಗಿತ್ತು. ಭುಜ ಸರಿಯಾಗಿ ಕಾಣದಿದ್ದಾಗಲೆಲ್ಲ ಅವನು ಎರಡು ತಟ್ಟುತ್ತಿದ್ದ. ಹಾರಿಸಿದವರು ಎದ್ದು, ಬಂದೂಕು ಬಿಚ್ಚಿ, ಕಡ್ಡಿ ತೂರಿಸಿ ನೋಡಿದರೆ ನಳಿಕೆ ಖಾಲಿ. ಒಂದು ಸಲ ಸರಿ, ಎರಡು ಸಲ ಸರಿ. ಆಮೇಲೆ ಅವರು ಮುಖಮುಖ ನೋಡಿಕೊಳ್ಳತೊಡಗಿದರು. "ಕಿವಿಯಣ್ಣಂಗೆ ಈಗ ಸಿಡಿಲು ಹೊಡೆದ್ರೂ ಸಪ್ಪೆನೇ" ಎಂದು ಯಾರೋ ಅಂದರು. ಕಾರ್ಯದರ್ಶಿಗಳು ಕೂಡ, ಏನಯ್ಯ ಸಮಾಚಾರ, ಎಂದು ಕೇಳಿದ್ದರು. ಅವನು ಅದನ್ನು ಮನೆಗೆ ಬಂದು ನಗುತ್ತಲೇ ಹೇಳಿದ. ಅವಳಿಗೆ ನಗು ಬರಲಿಲ್ಲ.

"ಸುಮ್ಸುಮ್ನೆ ಎರಡೆರಡು ತಟ್ಬೇಡಿ. ಜನಕ್ಕೆ ಅನುಮಾನ ಬಂದ್ರೆ ಮುಗೀತು ನಮ್ಮ ಕಥೆ. ಇಷ್ಟು ವರ್ಷದಲ್ಲಿ ಎಷ್ಟು ತೋಟಾ ಸಪ್ಪೆ ಆಗಿರಬಹುದು, ನೀವೇ ಯೋಚನೆ ಮಾಡಿ" ಎಂದಳು.

ಅವನು ಯೋಚನೆ ಮಾಡಿದ. ಹೂಂ ಎಂದ.

ಕ್ಲಬ್ಬಿಗೆ ಬರುತ್ತಿದ್ದವರಲ್ಲಿ ಅವನಿಗೆ ಅಚ್ಚುಮೆಚ್ಚಿನವಳು ಒಬ್ಬ ಹುಡುಗಿ. ಪೇಟೆಯಲ್ಲಿ ತಂದೆಯ ಜೊತೆ ಹೊಲಿಗೆ ಅಂಗಡಿ ನಡೆಸುವವಳು. ಬೆಳಗ್ಗೆ ಇಲ್ಲಿ ಗುರಿ ಹಿಡಿದು, ಆಮೇಲೆ ಹೋಗಿ ಹೊಲಿಗೆ ಮೆಷಿನ್ ಮುಂದೆ ಕೂರುವಳು. "ಎರಡೂ ಒಂದೇ ಕಣಣ್ಣ, ಉಸಿರು ಹಿಡ್ಕೊಂಡು ನೇರ ಹೋಗ್ಬೇಕು ಅಷ್ಟೆ" ಎನ್ನುವಳು. ಮಗು ಹುಟ್ಟಿದಾಗ ಅಂಗಡಿಯ ಚೂರು ಬಟ್ಟೆಗಳನ್ನೇ ಜೋಡಿಸಿ ಫ್ರಾಕು ಹೊಲಿದು ತಂದಿದ್ದಳು. ಒಳಗಿನ ಹೊಲಿಗೆ ಎಳೆಯ ಮೈಗೆ ತಾಗದಂತೆ ಮೆತ್ತನೆಯ ಪಟ್ಟಿ ಬೇರೆ ಕೊಟ್ಟಿದ್ದಳು.

ಆ ಬೆಳಗ್ಗೆ ಆದದ್ದು ಇಷ್ಟು. ಸಾಲಿನ ಕೊನೆಯಲ್ಲಿ ಒಬ್ಬ ಹೊಸಬನ ಕಾಲರಿನೊಳಗೆ ಬಿಸಿ ತೋಟಾ ಬಿತ್ತು. ಅವನು ಬಂದೂಕು ಹಿಡಿದುಕೊಂಡೇ ಎದ್ದು ಕುಣಿದ. ಕಿವಿಯಣ್ಣ ಆ ಕಡೆ ಧಾವಿಸಿ ನಳಿಕೆ ಹಿಡಿದು ಮಣ್ಣಿನ ದಿಬ್ಬದ ಕಡೆ ತಿರುಗಿಸಿದ. ಅದೇ ಹೊತ್ತಿಗೆ ಸಾಲಿನ ಈ ತುದಿಯಲ್ಲಿ ಹೊಲಿಗೆಯ ಹುಡುಗಿ ಹಾರಿಸಿದಳು. ಅವನು ತಿರುಗಿ ನೋಡಿದಾಗ ಅವಳ ಎಡಗೈ ಮೇಲಿತ್ತು. ಭುಜ ಹಿಂದಕ್ಕೆ ಹೋಯಿತೋ ಇಲ್ಲವೋ ಅವನು ನೋಡಿರಲಿಲ್ಲ. ಸದ್ದು ಅವನ ಪಾಲಿಗೆ ಇರಲೇ ಇಲ್ಲ. ಹತ್ತಿರ ಹೋಗಿ ಬಗ್ಗಿದ. ಕಾರ್ಯದರ್ಶಿಗಳು ಕುರ್ಚಿಯಿಂದ ನೋಡುತ್ತಿದ್ದಾರೇನೋ ಎನ್ನಿಸಿತು. ಒಂದು ತಟ್ಟಿದ.

ಎರಡನೆಯ ಸದ್ದು ಅವನಿಗೂ ಕೇಳಿಸಿತು. ಮನೆಯಲ್ಲಿದ್ದ ಹೆಂಡತಿಗೂ ಕೇಳಿಸಿತು. ಅದು ದಿನಾ ಕೇಳುವ ಸದ್ದಾಗಿರಲಿಲ್ಲ.

ಸಂಜೆ ಅವನು ಅಂಗಿಯ ತೋಳಿನ ತುಂಬ ಕಪ್ಪಗೆ ಒಣಗಿದ ರಕ್ತದ ಕಲೆ ಹೊತ್ತು ಬಂದ. ಕನ್ನಡಕ ಹಾಕಿದ್ದರಿಂದ ಹುಡುಗಿಯ ಕಣ್ಣು ಉಳಿದಿತ್ತು. ನಳಿಕೆಗೆ ಆಸರೆ ಕೊಟ್ಟ ಎಡಗೈ ಉಳಿದಿರಲಿಲ್ಲ. ಹೆಬ್ಬೆರಳು, ಕಿರುಬೆರಳು ಮಾತ್ರ ಇವೆಯಂತೆ. ಅವನು ಎಲ್ಲವನ್ನೂ ಕಿವುಡರ ಎತ್ತರದ ದನಿಯಲ್ಲಿ ಹೇಳುತ್ತಿದ್ದ. ಹೆಂಡತಿ ಎದ್ದು ಮೊದಲು ಕಿಟಕಿ ಹಾಕಿ ಬಂದಳು. ಕಿಟಕಿ ಹಾಕಿದ ಮೇಲೆ, ತಾನು ಮೊದಲು ಮಾಡಿದ್ದು ಇದನ್ನೇ ಎಂದು ಹೊಳೆಯಿತು.

"ಕಾರ್ಯದರ್ಶಿಗಳು ಕೇಳಿದ್ರು. ಅವಳು ಕೈ ಎತ್ತಲೇ ಇಲ್ಲ ಅಂದೆ."

ಅತ್ತೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ತಟ್ಟುತ್ತಿದ್ದರು. ಆ ಕೈ ನಿಂತಿತು. ಬೈಯಲೂ ಇಲ್ಲ, ಮಗನ ಹೆಸರು ಹಿಡಿದು ಕರೆಯಲೂ ಇಲ್ಲ.

ಹುಡುಗಿ ಕೈ ಎತ್ತಿದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ಮಲಗಿದವರ ಕಣ್ಣು ಗುರಿಯ ಮೇಲೆ, ಉಳಿದವರ ಕಣ್ಣು ಕುಣಿಯುತ್ತಿದ್ದ ಹೊಸಬನ ಮೇಲೆ. ಅವಸರಪಟ್ಟು ಅವಳಾಗಿಯೇ ಹಾರಿಸಿಕೊಂಡಳು ಎಂಬ ಮಾತು ಎರಡು ದಿನದಲ್ಲಿ ಕ್ಲಬ್ಬೆಲ್ಲ ಹರಡಿತು.

ಹೆಂಡತಿ ಆಸ್ಪತ್ರೆಗೆ ಹೋದಳು. ಹೋಗದಿದ್ದರೆ ಜನ ಏನಂದುಕೊಳ್ಳುತ್ತಾರೋ ಎಂಬ ಹೆದರಿಕೆಯೂ ಅದರಲ್ಲಿತ್ತು. ಹುಡುಗಿಯ ಕೈ ಬಿಳಿ ಬಟ್ಟೆಯ ದೊಡ್ಡ ಉಂಡೆಯಾಗಿ ದಿಂಬಿನ ಮೇಲಿತ್ತು. ಅವಳ ತಂದೆ ಕೋಣೆಯ ಮೂಲೆಯಲ್ಲಿ ನಿಂತೇ ಇದ್ದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದರು.

"ಅತ್ತಿಗೆ, ನಾನು ಕೈ ಎತ್ತಿದ್ದೆ" ಎಂದಳು ಹುಡುಗಿ. ದನಿಯಲ್ಲಿ ಜಗಳವಿರಲಿಲ್ಲ. "ಅಣ್ಣ ಒಂದು ತಟ್ಟಿದ್ರು. ಆ ಗಡಿಬಿಡೀಲಿ ಅಣ್ಣಂಗೆ ಮರೆತಿರ್ಬೇಕು. ನೀವು ಮನೇಲಿ ಒಂದ್ಸಲ ನೆನಪು ಮಾಡಿ. ನಂದೇ ತಪ್ಪು ಅಂದಿದ್ದಕ್ಕೆ ಅಪ್ಪಂಗೆ ತುಂಬಾ ನೋವಾಗಿದೆ, ಅದಕ್ಕೆ."

"ಕೇಳ್ತೀನಿ" ಎಂದಳು.

"ಮಗುಗೆ ಫ್ರಾಕು ಚಿಕ್ಕದಾಯ್ತಾ?"

"ಇಲ್ಲ, ಇನ್ನೂ ಆಗುತ್ತೆ."

ಮಗುವಿಗೆ ಅದು ಯಾವತ್ತೋ ಚಿಕ್ಕದಾಗಿತ್ತು.

ಆ ವಾರದ ಕೊನೆಗೆ ಕಾರ್ಯದರ್ಶಿಗಳು ಮನೆಗೇ ಬಂದರು. ಅವಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಹೇಳಬೇಕಾದ ಮಾತನ್ನು ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು: ಇವರಿಗೆ ಕಿವಿ ಕೇಳಿಸಲ್ಲ ಸಾರ್, ನನಗೆ ಮೊದಲೇ ಗೊತ್ತಿತ್ತು. ಇಷ್ಟೇ ಮಾತು. ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸುವಷ್ಟರಲ್ಲಿ ಆಡಿ ಮುಗಿಸಬಹುದು.

ಅವನು ಅಂಗಳದಾಚೆ ಅವರಿಗೆ ಬೆನ್ನು ಮಾಡಿ ಕೂತು ಬಂದೂಕಿನ ಕಡ್ಡಿಗಳನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಕಾರ್ಯದರ್ಶಿಗಳು ಅವನನ್ನು ಎರಡು ಸಲ ಕರೆದರು. ಎರಡನೆಯ ಸಲ ಸ್ವಲ್ಪ ಜೋರಾಗಿಯೇ. ಅವನು ಒರೆಸುತ್ತಲೇ ಇದ್ದ. ಫ್ಯಾನು ಒಳಗೆ ಕಟಕಟ ಎನ್ನುತ್ತಿತ್ತು.

ಕಾರ್ಯದರ್ಶಿಗಳು ಮೂರನೆಯ ಸಲ ಕರೆಯಲಿಲ್ಲ. ಅವಳ ಕಡೆ ತಿರುಗಿದರು.

"ಏನಮ್ಮ, ಅವನಿಗೆ ಕಿವಿಗಿವಿ ಎಲ್ಲ ಸರಿಯಾಗಿದೆ ತಾನೆ? ಇಲ್ಲ ಅಂದ್ರೆ ಕ್ಲಬ್ಬೇ ಮುಚ್ಚಿಸ್ತಾರೆ. ನಾನೂ ಮನೆಗೆ, ನೀವೂ ಬೀದಿಗೆ."

ಅವರು ಕೇಳುತ್ತಿಲ್ಲ, ಹೇಳಿಕೊಡುತ್ತಿದ್ದಾರೆ ಎಂದು ಅವಳಿಗೆ ಅರ್ಥವಾಯಿತು. ಮಗು ಅವಳ ಕೊರಳಿಗೆ ಬಾಯಿ ಹಚ್ಚಿ ಜೊಲ್ಲು ಸುರಿಸುತ್ತಿತ್ತು.

"ಸರಿಯಾಗಿದೆ ಸಾರ್" ಎಂದಳು.

"ಹಾಗಾದ್ರೆ ಆಯ್ತು. ಸೋಮವಾರದಿಂದ ಬರೋಕೆ ಹೇಳು."

ಅವರು ಹೋದ ಮೇಲೆ ನೆರಳು ಸರಿದದ್ದು ಕಂಡು ಅವನು ತಿರುಗಿ ನೋಡಿದ. "ಯಾರು ಬಂದಿದ್ರು? ಏನಂದ್ರು?" ಅವಳು ಸೋಮವಾರ ಎಂದು ತುಟಿಯಲ್ಲೇ ಹೇಳಿದಳು. ಅವನು ಓದಿಕೊಂಡ. ಮುಖದಲ್ಲಿ ಸಮಾಧಾನ ಬಂದೀತೇ ಎಂದು ಅವಳು ನೋಡಿದಳು. ಬರಲಿಲ್ಲ. ಅವನು ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದು ಬೇರೆ ಯಾರದ್ದೋ ಎಂಬಂತೆ ನೋಡುತ್ತ ಕೂತ.

ಸೋಮವಾರ ಚಪ್ಪರದಡಿ ಚಾಪೆಗಳು ಬಿದ್ದವು. ಎಲ್ಲರೂ ಕಿವಿ ಮುಚ್ಚಿಕೊಂಡರು. ಅವನು ಬರಿಗಿವಿಯಲ್ಲಿ ಅವರ ಹಿಂದೆ ನಡೆದ, ಯಾವತ್ತಿನಂತೆ. ಅವಳು ಮಗುವನ್ನು ಎತ್ತಿಕೊಂಡು ಚಪ್ಪರದ ಕಡೆಯ ಕಿಟಕಿಯ ಸರಳಿಗೆ ಒರಗಿ ನಿಂತಳು. ಒಲೆಯ ಮೇಲೆ ಹಾಲಿತ್ತು, ಬಟ್ಟೆ ನೆನೆಹಾಕಿದ್ದಳು, ಯಾವುದರ ಕಡೆಗೂ ಹೋಗಲಾಗಲಿಲ್ಲ. ಮಗುವಿನ ಒಂದು ಕಿವಿಯನ್ನು ಎದೆಗೆ ಒತ್ತಿ, ಇನ್ನೊಂದನ್ನು ಅಂಗೈಯಿಂದ ಮುಚ್ಚಿ, ತನ್ನ ಕಿವಿ ತೆರೆದಿಟ್ಟು ಒಂದೊಂದೇ ಸದ್ದನ್ನು ಕೇಳತೊಡಗಿದಳು. ಢಂ. ಇದು ಸರಿ. ಢಂ. ಇದೂ ಸರಿ. ಸಪ್ಪೆಯದೊಂದು ಬಂದರೆ ಇಲ್ಲಿಂದ ಓಡಿ ಆ ಭುಜವನ್ನು ಮುಟ್ಟುವುದು ಆಗದ ಮಾತೆಂದು ಅವಳಿಗೆ ಗೊತ್ತಿತ್ತು. ಹಿಂದಿನಿಂದ ಹಾಲು ಉಕ್ಕಿ ಒಲೆಯ ಮೇಲೆ ಸುರಿದ ವಾಸನೆ ಬಂತು. ಅವಳು ತಿರುಗಲಿಲ್ಲ.