ಪಂಚಮಿಗೆ ಅಕ್ಕನನ್ನು ಕರೆಯಲು ಹೋದ ಸೈಕಲ್

ಆಗ ಧಾರವಾಡದಿಂದ ಹಳಿಯಾಳಕ್ಕೆ ಹೋಗುವ ರಸ್ತೆ ಎಷ್ಟು ಖಾಲಿ ಇತ್ತೆಂದರೆ, ನಡುವೆ ಎಮ್ಮೆ ಮಲಗಿದರೆ ಅದು ತಾನೇ ಬೇಸತ್ತು ಏಳಬೇಕು, ಎಬ್ಬಿಸುವವರು ಬರುತ್ತಿರಲಿಲ್ಲ. ದಿನಕ್ಕೆ ಎರಡು ಬಸ್ಸು, ಕಟ್ಟಿಗೆ ಹೇರಿದ ಒಂದೆರಡು ಲಾರಿ, ಉಳಿದದ್ದು ಚಕ್ಕಡಿ. ನಾನು ಹೇಳುವ ವರ್ಷದ ಶ್ರಾವಣದಲ್ಲಿ ಅದೂ ಇರಲಿಲ್ಲ. ಮಳೆಗೆ ಹಳ್ಳದ ಮೋರಿ ಕುಸಿದು ಗಾಡಿ ಎಲ್ಲ ನಿಂತಿದ್ದವು.

ಅಪ್ಪನದು ಧಾರವಾಡದ ಮಾಳಮಡ್ಡಿಯಲ್ಲಿ ಸೈಕಲ್ ಅಂಗಡಿ. ಪಂಕ್ಚರ್ ತಿದ್ದೋದು, ತಾಸಿನ ಮೇಲೆ ಬಾಡಿಗೆಗೆ ಕೊಡೋದು. ಮಕ್ಕಳು ನಾವಿಬ್ಬರೇ, ಅಕ್ಕ ನೀಲವ್ವ, ನಾನು ಕಾಶವ್ವ. ಗಂಡುಮಗ ಇಲ್ಲ. ಅಕ್ಕ ಅಂಗಡಿಯ ಸೈಕಲ್ ತಗೊಂಡು ನಸುಕಿನಲ್ಲಿ ರೈಲು ಹಳಿಯ ಮಗ್ಗುಲ ಬಯಲಿನಲ್ಲಿ ತಾನೂ ಕಲಿತಳು, ನನಗೂ ಕಲಿಸಿದಳು. ಕಲಿಸೋದೆಂದರೆ ಹಿಂದೆ ಕ್ಯಾರಿಯರ್ ಹಿಡಕೊಂಡು ಓಡುತ್ತ, "ಮುಂದ ನೋಡು, ಗಾಲಿ ನೋಡಬ್ಯಾಡ" ಅಂತ ಬಯ್ಯೋದು. ಅವಳು ದೊಡ್ಡಾಕಿ ಆದ ಮೇಲೆ ಅವ್ವ ಸೈಕಲ್ ಬಿಡಿಸಿದಳು. ಮದುವೆ ಮಾತುಕತೆಯಲ್ಲಿ ಹುಡುಗಿ ರೊಟ್ಟಿ ಛಲೋ ಬಡೀತಾಳೆ, ಕಸೂತಿ ಹಾಕ್ತಾಳೆ ಅಂತ ಹೇಳಿದರು. ಸೈಕಲ್ ಹೊಡೀತಾಳೆ ಅಂತ ಯಾರೂ ಬಾಯಿ ಬಿಡಲಿಲ್ಲ.

ಅವಳನ್ನು ಕೊಟ್ಟದ್ದು ಹಳಿಯಾಳ ದಾಟಿ ದಾಂಡೇಲಿ ಕಡೆ, ಕಾಡಿನೊಳಗಿನ ಒಂದು ಹಳ್ಳಿಗೆ. ಮದುವೆಯಾದ ಮೇಲೆ ಅದು ಮೊದಲನೇ ನಾಗರ ಪಂಚಮಿ. ಪಂಚಮಿಗೆ ಹೆಣ್ಣುಮಗಳನ್ನು ಕರೆಯಲು ತವರಿನಿಂದ ಯಾರಾದರೂ ಹೋಗಲೇಬೇಕು, ಕರೆಯದೆ ಆಕೆ ಬರುವಂತಿಲ್ಲ. ಮೊದಲ ವರ್ಷವೇ ಯಾರೂ ಹೋಗದಿದ್ದರೆ ಅತ್ತೆಮನೆಯಲ್ಲಿ ಅವಳ ಮಾನ ಅಲ್ಲಿಗೆ ಮುಗೀತು. ನೀರು ತರುವಾಗ, ಕಸ ಹೊಡೆಯುವಾಗ, 'ತವರಿಲ್ಲದಾಕಿ' ಅನ್ನೋ ಮಾತು ಜನ್ಮಪೂರ್ತಿ. ಅಪ್ಪನೇ ಹೋಗೋನಿದ್ದ. ಹಬ್ಬ ನಾಲ್ಕು ದಿನ ಇರುವಾಗ ಅಂಗಾಲಿಗೆ ಮೊಳೆ ಹೊಕ್ಕು ಕಾಲು ಕುಂಬಳಕಾಯಿ ಆಯಿತು.

"ನಾ ಹೋಗ್ತೇನಿ," ಅಂದೆ. ನನಗೆ ಹದಿಮೂರು.

"ಹುಚ್ಚೇನ ನಿನಗ?" ಅಂದಳು ಅವ್ವ. "ಗಂಡಹುಡುಗ ಆಗಿದ್ರ ಕಳಸ್ತಿದ್ದೆ."

"ಸೈಕಲ್ಲಿಗೇನ ಗೊತ್ತಾಗತೈತಿ, ಮ್ಯಾಲ ಕುಂತದ್ದು ಗಂಡೋ ಹೆಣ್ಣೋ?"

ಅಪ್ಪ ಕಾಲಿನ ಬಟ್ಟೆ ಬಿಚ್ಚುತ್ತ ಕೇಳಿದ, "ಪಂಕ್ಚರ್ ಆದ್ರ?"

"ತಿದ್ದತೇನಿ."

"ಚೈನ್ ಕಳಚಿದ್ರ?"

"ಹಾಕತೇನಿ."

"ಹುಲಿ ಬಂದ್ರ?"

"ಗಂಟಿ ಹೊಡಿತೇನಿ."

ಅಪ್ಪ ನಕ್ಕ. ಅವ್ವ ನಗಲಿಲ್ಲ, ಆದರೆ ಉಂಡಿ ಡಬ್ಬಿ ಕೆಳಗಿಳಿಸಿದಳು. ಈಗಿನವರು ಕೇಳಿದರೆ ಅಪ್ಪನ ಮೇಲೆ ಕೇಸು ಹಾಕ್ತಾರೆ. ಹಾಕಲಿ.

ರೊಟ್ಟಿ ಹಬ್ಬದ ದಿನ, ಅಂದರೆ ಪಂಚಮಿಗೆ ಎರಡು ದಿನ ಮೊದಲು, ಬೆಳಕು ಹರಿಯುತ್ತಲೇ ಹೊರಟೆ. ಉಟ್ಟ ಪರಕರದ ಒಳಗೆ ಅಪ್ಪನ ಪಾಯಿಜಾಮ ಹಾಕಿ ಮೊಣಕಾಲತನ ಮಡಚಿದ್ದೆ. ಕ್ಯಾರಿಯರ್ ಮೇಲೆ ಶೇಂಗಾ ಉಂಡಿ, ರವೆ ಉಂಡಿಯ ಡಬ್ಬಿ, ಹ್ಯಾಂಡಲ್ಲಿಗೆ ಸಜ್ಜಿ ರೊಟ್ಟಿಯ ಬುತ್ತಿ. ಸೀಟಿನ ಮೇಲೆ ಕೂತರೆ ಪೆಡಲ್ಲಿಗೆ ಹೆಬ್ಬೆರಳಷ್ಟೇ ಮುಟ್ಟುತ್ತಿತ್ತು. ಹಾಗಾಗಿ ಬಹಳ ದೂರ ಸೈಕಲ್ಲಿನ ನಡು ದಂಡಿಗೆಯ ಕೆಳಗೆ ಕಾಲು ತೂರಿಸಿ ಸೊಟ್ಟಗೇ ಹೊಡೆದೆ. ಮೋರಿ ಕುಸಿದ ಹಳ್ಳದಲ್ಲಿ ಮೊದಲು ಡಬ್ಬಿ ದಾಟಿಸಿ ಇಟ್ಟು ಬಂದು, ಆಮೇಲೆ ಸೈಕಲ್ ಹೆಗಲಿಗೆ ಹಾಕಿಕೊಂಡೆ. ಆಚೆ ದಂಡೆಗೆ ಬಂದು ನೋಡಿದರೆ ಮೀನಗಂಡಕ್ಕೆ ಜಿಗಳಿ ಹತ್ತಿತ್ತು. ಬುತ್ತಿಯಲ್ಲಿದ್ದ ಉಪ್ಪು ಹಾಕಿ ಕಿತ್ತೆ.

ಹಳಿಯಾಳ ದಾಟಿದ ಮೇಲೆ ಕಾಡು. ಎರಡೂ ಕಡೆ ಸಾಗವಾನಿ, ಬಿದಿರಿನ ಮೆಳೆ, ತೋಯ್ದ ಎಲೆಯ ಒಗರು ವಾಸನೆ. ಏರಿನಲ್ಲಿ ಇಳಿದು ನೂಕೋದು, ಇಳುಕಲಿನಲ್ಲಿ ಹತ್ತೋದು. ನನ್ನ ಗಾಲಿಯ ಕಟಕಟ ಬಿಟ್ಟರೆ ಸಪ್ಪಳವೇ ಇಲ್ಲ. ಒಂದು ಕಡೆ ಮಂಗ್ಯಾಗಳ ಹಿಂಡು ರಸ್ತೆ ತುಂಬ ಕೂತಿತ್ತು. ಗಂಟಿ ಹೊಡೆದೆ. ಅವು ನನ್ನ ಮುಖ ನೋಡಿದವು, ಏಳಲಿಲ್ಲ. ನಾನೇ ಸುತ್ತುಹಾಕಿ ಹೋದೆ. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅಷ್ಟೊತ್ತಿಗೆ ಮುಂದಿನ ದಾರಿಗಿಂತ ಹಿಂದಿನ ದಾರಿಯೇ ದೂರ ಆಗಿತ್ತು.

ಹೊತ್ತು ಇಳಿಯುವಾಗ ಮುಟ್ಟಿದೆ. ಅಕ್ಕನ ಅತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ನನ್ನನ್ನು ನೋಡಿ, ನನ್ನ ಹಿಂದಿನ ರಸ್ತೆ ನೋಡಿದರು.

"ಯಾರ ಜೋಡಿ ಬಂದಿ?"

"ಯಾರೂ ಇಲ್ರಿ ಅತ್ತ್ಯಾರ. ಅಪ್ಪನ ಕಾಲು ಬಾತೈತಿ. ಅಕ್ಕನ್ನ ಕರಿಯಾಕ ನಾನ ಬಂದೇನ್ರಿ."

"ಕರಿಯಾಕ ಗಂಡಮಗ ಬರಬೇಕವ್ವ."

"ನಮ್ಮನ್ಯಾಗ ಇಲ್ರಿ. ಎಲ್ಲಿಂದ ತರೂದ್ರಿ?"

ಅವರು ಡಬ್ಬಿ ತೆಗೆದರು. ಹಾದಿಯ ಕುಲುಕಾಟಕ್ಕೆ ಒಂದು ಉಂಡಿಯೂ ಉಂಡಿಯಾಗಿ ಉಳಿದಿರಲಿಲ್ಲ. "ಉಂಡಿ ತಂದಿಯೋ, ಹಿಟ್ಟು ತಂದಿಯೋ?" ಅಂದರು. ಒಳಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ಸಣ್ಣದಾಯಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಪುಡಿ ಆದ್ರೂ ತವರಿಂದಲ್ರಿ," ಅಂದೆ.

ಸಂಜೆ ಅಕ್ಕನ ಗಂಡ ಕಟ್ಟಿಗೆ ಡಿಪೋದಿಂದ ಬಂದ. ಎಲ್ಲ ಕೇಳಿಸಿಕೊಂಡು ಹೊರಗೆ ಹೋಗಿ ನನ್ನ ಸೈಕಲ್ಲಿಗೆ ಗಾಳಿ ಹೊಡೆದು ಬಂದು ಉಣ್ಣಲು ಕೂತ. ತನ್ನ ಅವ್ವನ ಮುಂದೆ ಅವನಿಗಿದ್ದ ಧೈರ್ಯ ಅಷ್ಟೇ.

ಬೆಳಿಗ್ಗೆ ಅತ್ತೆ ಅಂದರು, "ಇಕಿನ್ನ ಹಿಂದ ಕುಂಡ್ರಿಸಿಕೊಂಡು ಹನುಮಪ್ಪನ ಗುಡಿತನ ಹೋಗಿ ಹೊಳ್ಳಿ ಬಾ. ಕೆಡವಲಿಲ್ಲಂದ್ರ ಕಳಸತೇನಿ. ಕೆಡವಿದಿ, ಒಬ್ಬಾಕಿನ ಹೋಗು."

ಓಣಿಯವರೆಲ್ಲ ಬಾಗಿಲಿಗೆ ಬಂದರು. ಅಕ್ಕ ತಲೆ ತುಂಬ ಸೆರಗು ಹೊದ್ದು, ಏನೂ ಅರಿಯದಾಕಿಯ ಹಾಗೆ ಕ್ಯಾರಿಯರ್ ಮೇಲೆ ಕೂತಳು. ಗುಡಿತನಕ ಹೆಂಗೋ ಹೋದೆ. ಹೊರಳುವಾಗ ಹ್ಯಾಂಡಲ್ ಗಟಾರದ ಕಡೆ ಎಳೆಯಿತು, ಪೆಡಲ್ ಕಾಲಿಗೆ ತಪ್ಪಿತು. ಬಿದ್ದೆವು ಅಂದುಕೊಂಡೆ.

"ಗಾಲಿ ನೋಡಬ್ಯಾಡ," ಹಿಂದಿನಿಂದ ಅಕ್ಕನ ದನಿ, ನನಗೊಬ್ಬಳಿಗೇ ಕೇಳುವಷ್ಟು. ಸೀರೆಯ ಮರೆಯಲ್ಲಿ ಒಂದು ಕಾಲು ಕೆಳಗಿಳಿಸಿ ನೆಲವನ್ನು ಒದ್ದಳು. ಸೈಕಲ್ ನೆಟ್ಟಗಾಯಿತು. ಕಟ್ಟೆಯ ಮುಂದೆ ಬಂದು ಬ್ರೇಕ್ ಹಾಕಿದೆ.

ಅತ್ತೆ ಒಳಗೆ ಹೋಗಿ ನಮ್ಮ ಡಬ್ಬಿ ತಂದರು. ನಸುಕಿನಲ್ಲೇ ಎದ್ದು ಬೆಲ್ಲದ ಪಾಕ ಹಿಡಿದು, ಆ ಪುಡಿಯನ್ನು ಮತ್ತೆ ಉಂಡಿ ಕಟ್ಟಿದ್ದರು. ಅರ್ಧ ಇಟ್ಟುಕೊಂಡು ಅರ್ಧ ವಾಪಸು ತುಂಬಿದ್ದರು. "ಹಿಟ್ಟು ತಂದಿದ್ದಿ, ಉಂಡಿ ಒಯ್ಯಿ. ಎಂಟು ದಿನಕ್ಕ ಮಗನ್ನ ಕಳಸತೇನಿ ಇಕಿನ್ನ ಕರಕೊಂಡ ಬರಾಕ," ಅಂದರು. ಅಂದರೆ, ನಾನು ಗುಡಿಗೆ ಹೊರಡುವ ಮೊದಲೇ ಕಳಿಸಲು ಮನಸ್ಸು ಮಾಡಿದ್ದರು. ಆದರೂ ಓಣಿಯಲ್ಲಿ ನನ್ನ ಬೆವರಿಳಿಸಿದರು. ಅಂಥ ಹೆಣ್ಣುಮಗಳು.

ಊರ ಹೊರಗಿನ ತಿರುವು ದಾಟಿದೆವು. ಮುಂದೆ ಕಾಡು, ಹಿಂದೆ ಕಾಡು.

"ಇಳಿ," ಅಂದಳು ಅಕ್ಕ.

"ಯಾಕ?"

"ಇಳಿ ಅಂದ್ರ ಇಳಿ."

ಸೀರೆಯನ್ನು ಹೊಲಕ್ಕೆ ಹೋಗುವವರ ಹಾಗೆ ಕಚ್ಚೆ ಹಾಕಿದಳು. ಸೆರಗು ತಲೆಯಿಂದ ಇಳಿಸಿ ಸೊಂಟಕ್ಕೆ ಸಿಕ್ಕಿಸಿದಳು. ಹ್ಯಾಂಡಲ್ ಹಿಡಿದಳು. ನಾಲ್ಕು ವರ್ಷ ಮುಟ್ಟಿರಲಿಲ್ಲ, ಆದರೆ ನಾಲ್ಕು ಪೆಡಲ್ಲಿಗೆ ನೆನಪು ಬಂತು. ನಾನು ಹಿಂದೆ ಡಬ್ಬಿ ಅವಚಿಕೊಂಡು ಕೂತೆ. ಇಳುಕಲು ಬಂದಾಗ ಬ್ರೇಕ್ ಹಿಡಿಯಲಿಲ್ಲ. ನಾನು ಬಯ್ದೆ, ಅವಳು ನಗುತ್ತಿದ್ದಳು. ಎದುರಿಗೆ ಒಂದು ಗಾಡಿ ಇಲ್ಲ, ಒಬ್ಬ ಮನುಷ್ಯ ಇಲ್ಲ. ಇಳುಕಲಿನ ಬುಡದಲ್ಲಿ ಸೈಕಲ್ಲನ್ನು ರಸ್ತೆಯ ನಡುವೆಯೇ ಅಡ್ಡ ಮಲಗಿಸಿ, ನಾವೂ ರಸ್ತೆಯ ನಡುವೆಯೇ ಕಾಲು ಚಾಚಿ ಕೂತು ಉಂಡಿ ತಿಂದೆವು. ಅತ್ತೆಯ ಪಾಕ ಅವ್ವನದಕ್ಕಿಂತ ಗಟ್ಟಿ ಇತ್ತು.

ಹಳಿಯಾಳದಲ್ಲಿ ಅಕ್ಕ ಸೆರಗು ಹೊದ್ದು ಹಿಂದೆ ಕೂತಳು, ದಾಟಿದ ಮೇಲೆ ಮತ್ತೆ ಮುಂದೆ ಬಂದಳು. ಧಾರವಾಡದ ಅಂಚಿಗೆ ಬಂದಾಗ ಇಳಿದು ಕಚ್ಚೆ ಬಿಚ್ಚಿದಳು. "ಇನ್ನ ನೀ ಹೊಡಿ. ನೀ ಕರಕೊಂಡು ಬಂದೀ ಅನ್ನೂದು ಓಣಿಗೆ ಕಾಣಲಿ," ಅಂದಳು. ಮಾಳಮಡ್ಡಿತನಕ ಅವಳನ್ನು ಹೇರಿಕೊಂಡು ಹಲ್ಲು ಕಚ್ಚಿ ತುಳಿದೆ. ಕೆಡವಲಿಲ್ಲ.

ಅಪ್ಪ ಕೋಲು ಊರಿಕೊಂಡು ಅಂಗಡಿಯ ಮುಂದೆ ನಿಂತಿದ್ದ. ಅಕ್ಕ ಕಾಲಿಗೆ ಬಿದ್ದಳು. ಅಪ್ಪನ ಕಣ್ಣು ಅವಳ ಸೀರೆಯ ಬಲಗಡೆ ಅಂಚಿಗೆ ಹೋಯಿತು. ಅಲ್ಲಿ ಚೈನಿನ ಕರಿ ಎಣ್ಣೆ ಹತ್ತಿತ್ತು. ಹಿಂದೆ ಕೂತವರ ಕಾಲು ಇರೋದು ಎಡಕ್ಕೆ, ಚೈನ್ ಇರೋದು ಬಲಕ್ಕೆ. ಸೈಕಲ್ಲಿನವನಿಗೆ ಅದನ್ನು ಬಿಡಿಸಿ ಹೇಳಬೇಕೇ?

"ಸೀಮೆಎಣ್ಣಿ ಅಲ್ಲೈತಿ, ಒರಸಿಕೋ," ಅಂದ. "ನಿಮ್ಮವ್ವ ನೋಡೂದ್ರಾಗ."

ಮರುದಿನ ನಾಗಪ್ಪನಿಗೆ ಅಕ್ಕನೇ ಮೊದಲು ಹಾಲೆರೆದಳು. ಮುಂದಿನ ವರ್ಷ ನಾನೂ ದೊಡ್ಡಾಕಿ ಆದೆ, ನನ್ನ ಸೈಕಲ್ಲೂ ನಿಂತಿತು.

ಈಗ ಮೊಮ್ಮಗಳು ಸ್ಕೂಟಿ ಓಡಿಸುತ್ತಾಳೆ, ಊರ ನಡುವೆ, ಎಲ್ಲರ ಮುಂದೆ. ಅದು ಒಳ್ಳೆಯದೇ, ನಾನು ಇಲ್ಲ ಅನ್ನೋದಿಲ್ಲ. ಆದರೆ ಮುಖಕ್ಕೆ ಕಣ್ಣಷ್ಟೇ ಬಿಟ್ಟು ಬಟ್ಟೆ ಸುತ್ತಿಕೊಳ್ಳುತ್ತಾಳೆ. ಕೇಳಿದರೆ, "ಧೂಳು ಅಜ್ಜಿ, ಹೊಗಿ," ಅನ್ನುತ್ತಾಳೆ.

ಹೋದ ವರ್ಷ ಪಂಚಮಿಗೆ ಅಕ್ಕನನ್ನು ನೋಡಲು ಮೊಮ್ಮಗನ ಕಾರಿನಲ್ಲಿ ಹೋದೆ. ಅವಳ ಮೊಣಕಾಲು ಹೋಗಿವೆ, ಯಾರು ಕರೆದರೂ ಬರುವಂತಿಲ್ಲ. ಆ ಇಳುಕಲು ಗುರುತು ಸಿಕ್ಕಿತು.

"ಇಲ್ಲೆ ಒಂದೀಟು ನಿಲ್ಲಿಸಪ್ಪ, ಇಳೀತೇನಿ," ಅಂದೆ.

"ಇಲ್ಲಿ ನಿಲ್ಲಿಸಾಕ ಬರೂದಿಲ್ಲ ಅಜ್ಜಿ, ಹಿಂದ ಲಾರಿ ಅದಾವ," ಅಂದ.

ಕಾಲು ಚಾಚಿ ಉಂಡಿ ತಿಂದ ಜಾಗ, ಹೊರಳಿ ನೋಡೋದರೊಳಗೆ ಲಾರಿಯ ಅಡಿಗೆ ಹೋಯಿತು.