ಅಂಟದ ಕಾಯಿಲೆ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೈಸೂರಿನ ವಠಾರದ ನಮ್ಮ ಮನೆಯಲ್ಲಿ ನನ್ನ ಗಂಡ ಕೋಣೆಯೊಳಗೆ ಮಲಗಿರುತ್ತಿದ್ದರು, ನಮ್ಮ ಪುಟ್ಟ ಮಗಳು ಹೊಸ್ತಿಲಾಚೆ ನಿಂತಿರುತ್ತಿದ್ದಳು. ಅವಳನ್ನು ಅಲ್ಲಿ ನಿಲ್ಲಿಸಿದವಳು ನಾನು. ನಿಲ್ಲಿಸುವ ಹಾಗೆ ಮಾಡಿದವರು ನನ್ನ ಭಾವ, ಗಂಡನ ಒಡಹುಟ್ಟಿದ ಅಣ್ಣ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಕೆಮ್ಮು ಹಿಡಿದು ಬಿಡದೇ ಹೋದಾಗ ಭಾವನೇ ತಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಮ್ಮಲ್ಲಿ ಪದ್ಧತಿಯೇ ಅದು. ಡಾಕ್ಟರು ಹೇಳುವುದೆಲ್ಲ ಮನೆಯ ಹಿರಿಯರ ಕಿವಿಗೆ. ಹೆಂಗಸರು ಕಷಾಯ ಕಾಯಿಸಬೇಕು, ಕಾಯಿಲೆಯವರು ಕುಡಿಯಬೇಕು, ಅಷ್ಟೇ. ಎಕ್ಸ್‌ರೇ ತೆಗೆಸಿಕೊಂಡು ಬಂದ ದಿನ ಭಾವ ನನ್ನನ್ನು ಅಂಗಳಕ್ಕೆ ಕರೆದು, "ಕ್ಷಯ ಕಣಮ್ಮ. ಈಗ ಅದಕ್ಕೆ ಔಷ್ದಿ ಬಂದದೆ. ವಾಸಿ ಆಯ್ತದೆ ಬುಡು," ಅಂದರು. ನಾನು ಬೆಟ್ಟದ ಕಡೆ ತಿರುಗಿ ತಾಯಿಗೆ ಕೈಮುಗಿದೆ.

ಕ್ಷಯ ಅಂದರೆ ಅಂಟುತ್ತದೆ, ವಠಾರದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಅವರ ತಟ್ಟೆ ಲೋಟ ಬೇರೆ ಇಟ್ಟು ಕುದಿಯುವ ನೀರಿಗೆ ಹಾಕುತ್ತಿದ್ದೆ. ಹೊಸ್ತಿಲು ದಾಟಕೂಡದು ಅಂತ ಮಗಳಿಗೆ ಕಟ್ಟಪ್ಪಣೆ ಮಾಡಿದ್ದೆ. ಅವಳು ಅಲ್ಲಿಂದಲೇ ಸ್ಲೇಟು ಎತ್ತಿ ತೋರಿಸುವಳು, ಅವರು ಮಲಗಿದ್ದಲ್ಲೇ "ಭೇಷ್" ಅನ್ನುವರು. ಸಂಜೆಯಾದರೆ ಅವರದು ಒಂದೇ ಮಾತು: "ಒಂದ್ಸಲ ಪಕ್ಕದಲ್ಲಿ ಕೂರಿಸ್ಕೋತೀನಿ ಕಣೆ, ಕಳಿಸೇ."

"ವಾಸಿಯಾಗ್ಲಿ, ಹೆಗಲ ಮೇಲೆ ಕೂರಿಸ್ಕೊಂಡು ದಸರಾನೇ ತೋರಿಸೀರಂತೆ," ಅನ್ನುತ್ತಿದ್ದೆ ನಾನು.

ಭಾವ ಪಕ್ಕದಲ್ಲೇ ಕಾಫಿ ಕುಡಿಯುತ್ತ ಇದನ್ನೆಲ್ಲ ಕೇಳಿಸಿಕೊಂಡಿದ್ದಾರೆ. ತುಟಿ ಪಿಟಿಕ್ ಅನ್ನಲಿಲ್ಲ ಪುಣ್ಯಾತ್ಮ! ದಸರಾ ಬರುವ ಮುಂಚೆಯೇ ನನ್ನ ಗಂಡ ಹೋಗಿಬಿಟ್ಟರು.

ಚಳಿಗಾಲದಲ್ಲಿ ಮಗಳು ಕೆಮ್ಮತೊಡಗಿದಳು. ನನ್ನ ಜೀವ ಬಾಯಿಗೆ ಬಂತು. ಅವಳನ್ನು ಎತ್ತಿಕೊಂಡು ಅದೇ ಡಾಕ್ಟರ ಹತ್ತಿರ ಓಡಿ, "ಅವರಪ್ಪನ ಕ್ಷಯ ಇವಳಿಗೂ ಅಂಟಿಬಿಡ್ತು," ಅಂತ ಅತ್ತೆ.

ಡಾಕ್ಟರು ಕಕ್ಕಾಬಿಕ್ಕಿಯಾದರು. "ಕ್ಷಯ ಅಂತ ಯಾರಮ್ಮ ಹೇಳಿದ್ದು? ಅವರಿಗಿದ್ದದ್ದು ಶ್ವಾಸಕೋಶದ ಕ್ಯಾನ್ಸರು. ಅದು ಅಂಟೋದಿಲ್ಲ. ನಿಮ್ಮ ಭಾವನವರಿಗೆ ಆವತ್ತೇ ಹೇಳಿದ್ದೆನಲ್ಲ! ಮಗೂಗೆ ಬರೀ ಶೀತದ ಕೆಮ್ಮು."

ಅಂಟೋದಿಲ್ಲ! ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು, ಅವಳಿಗೆ ಇದೊಂದೂ ಕೇಳಿಸಲಿಲ್ಲ.

"ಅದಕ್ಕೆ ಔಷಧಿ ಇಲ್ವಾ?" ಅಂತ ಕೇಳಿದೆ.

"ಅವರು ಬಂದಾಗ ನಮ್ಮ ಕೈಲಿ ಏನೂ ಉಳಿದಿರಲಿಲ್ಲ. ಸಂಶೋಧನೆ ನಡೀಬೇಕು, ಸರ್ಕಾರ ದುಡ್ಡು ಕೊಡಬೇಕು. ಕ್ಷಯಕ್ಕಾದರೆ ಜನ ಕೇಳ್ತಾರೆ. ಇದಕ್ಕೆ ಕೇಳೋರೇ ಇಲ್ಲಮ್ಮ."

"ಹೆಸರನ್ನೇ ಮುಚ್ಚಿಟ್ರೆ ಯಾರು ಸ್ವಾಮಿ ಕೇಳ್ತಾರೆ? ಕಾಯಿಲೆ ನಮ್ಮ ಮನೇಲಿ, ಅದರ ಹೆಸರು ನಿಮ್ಮ ಹತ್ರ!" ಅಂದೆ.

ಭಾವನನ್ನು ಕೇಳಿದರೆ, "ನಿನ್ಗೆ ಧೈರ್ಯ ಇರ್ಲಿ ಅಂತ ಅಂಗಂದೆ ಕಣಮ್ಮ. ಆ ಹೆಸ್ರು ಹೇಳಿದ್ರೆ ಎದೆ ಒಡ್ಕತಿದ್ದೆ," ಅಂದರು. ಏನು ಕರುಣೆ! ಒಬ್ಬ ತಂದೆಯ ಕೈಯಿಂದ ಮಗು ತಪ್ಪಿಸಿದ ಕರುಣೆ. ನಂಬಿದ್ದಕ್ಕೆ ನನ್ನ ಕತ್ತು ಕೊಯ್ದರು, ಅಷ್ಟೇ.

ಮುಂದಿನ ವರ್ಷ ನಮ್ಮ ಬೀದಿಯ ಶಾಲೆಯಲ್ಲಿ ಕ್ಷಯ ನಿವಾರಣೆಗೆ ಹಣ ಕೂಡಿಸುವ ಸಭೆ ನಡೆಯಿತು. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಶಾಸಕರು ಬಂದಿದ್ದರು. ಭಾವ ಮುಂದಿನ ಸಾಲಿನಲ್ಲಿ ಕೂತಿದ್ದರು. ಭಾಷಣ ಮುಗಿಯುತ್ತಲೇ ನಾನು ಎದ್ದು ನಿಂತೆ.

"ಕ್ಷಯಕ್ಕೆ ಕೇಳಿ, ಬೇಡ ಅನ್ನಲ್ಲ. ನನ್ನ ಗಂಡ ತೀರಿಕೊಂಡಿದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. ಅದರ ಸಂಶೋಧನೆಗೂ ಸರ್ಕಾರ ದುಡ್ಡು ಕೊಡಲಿ. ನಿಮ್ಮನಿಮ್ಮ ಮನೇಲಿ ಇದ್ದರೆ ನೀವೂ ಬಾಯಿಬಿಟ್ಟು ಹೇಳಿ. ಅನುಭವಿಸಿದ ನಾವೇ ಕೇಳದಿದ್ದರೆ ಇನ್ಯಾರು ಕೇಳಬೇಕು?"

ಭಾವ ಹಿಂದಕ್ಕೆ ತಿರುಗಿ, "ಕೂತ್ಕಳಮ್ಮ, ಜನ ನೋಡ್ತಾವ್ರೆ," ಅಂದರು.

ಆಗ ಮಗಳು ನನ್ನ ಸೆರಗು ಜಗ್ಗಿ, "ಅದು ಅಂಟುತ್ತಾ ಅಮ್ಮ?" ಅಂದಳು.

"ಇಲ್ಲ ಕಣೆ, ಅಂಟಲ್ಲ."

ಅವಳ ಮುಖ ಒಂದು ಥರಾ ಆಯಿತು. ನನ್ನನ್ನೇ ನೋಡಿದಳು. ಅವಳು ಏನು ಕೇಳಲಿದ್ದಾಳೆ ಅಂತ ನನಗೆ ಗೊತ್ತಾಯಿತು. ಕೈ ಹಿಡಿದು ಕರೆದುಕೊಂಡು ಹೋಗಿ ಭಾವನ ಎದುರಿಗೆ ನಿಲ್ಲಿಸಿದೆ.

"ನನ್ನನ್ನಲ್ಲ, ಇವರನ್ನ ಕೇಳು. ಎಲ್ಲರಿಗೂ ಕೇಳಿಸೋ ಹಾಗೆ ಕೇಳು," ಅಂದೆ.

ಅವಳು ಕೇಳಿದಳು: "ದೊಡ್ಡಪ್ಪ, ಮತ್ತೆ ನಾನ್ಯಾಕೆ ಹೊರಗೆ ನಿಂತಿದ್ದೆ?"