ಇಲ್ವಂತೆ, ದೊಡ್ಡಮ್ಮ

ಆ ಕೇಕಿನಲ್ಲಿ ಮೊಟ್ಟೆ ಇತ್ತು, ದೊಡ್ಡಮ್ಮ. ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನಗೆ ಇಲ್ಲ ಎಂದೆ.

ಆಶಾಳ ಮದುವೆಯ ಕೇಕು — ಗೋವಾದ್ದು. ನಿನ್ನ ಒಬ್ಬಳೇ ಮಗಳ ಮದುವೆ ಹೊಸದುರ್ಗದ ಕಲ್ಯಾಣಮಂಟಪ ಬಿಟ್ಟು ಸಮುದ್ರದ ದಂಡೆಯಲ್ಲಿ ಆಗಬೇಕೆಂದು ಮುಂಬೈಯ ಬೀಗರು ಹಟ ಹಿಡಿದಾಗ ನಮ್ಮ ಕಡೆಯವರೆಲ್ಲ ಮುಖ ಗಂಟು ಹಾಕಿಕೊಂಡರು. ಡೆಸ್ಟಿನೇಷನ್ ವೆಡ್ಡಿಂಗ್ ಎಂದು ಅವರು ಹೇಳುತ್ತಿದ್ದುದನ್ನು ನೀನು 'ಊರು ಬಿಟ್ಟ ಮದುವೆ' ಎನ್ನುತ್ತಿದ್ದೆ, ಆದರೂ ಮೊದಲು ಒಪ್ಪಿದವಳು ನೀನೇ. ಹೊಳಲ್ಕೆರೆಯ ಅಡುಗೆಯವರನ್ನು ನಮ್ಮ ಬಸ್ಸಿನಲ್ಲೇ ಹತ್ತಿಸಿಕೊಂಡಿದ್ದರಿಂದ ಊಟದ ಚಿಂತೆ ಇರಲಿಲ್ಲ. ಉಳಿದದ್ದು ಬೀಗರಿಗೆ ಬೇಕೇ ಬೇಕಾಗಿದ್ದ ಕೇಕು.

"ಕೇಕು ಇರ್ಲಿ. ಮೊಟ್ಟೆ ಮಾತ್ರ ಇರಬಾರ್ದು" — ನೀನು ಹಾಕಿದ ಶರತ್ತು ಅಷ್ಟೇ.

ಅದನ್ನು ಆರಿಸಲು ನನ್ನನ್ನು ಕರೆದುಕೊಂಡು ಹೋದೆ, ಏಕೆಂದರೆ ಮದುಮಗಳನ್ನು ಬಿಟ್ಟರೆ ನಮ್ಮ ಬಸ್ಸಿನಲ್ಲಿ ಹಿಂದಿ ಬರುತ್ತಿದ್ದವಳು ನಾನೊಬ್ಬಳೇ. ಹಿರಿಯೂರಿನ ಹೆದ್ದಾರಿ ಪಕ್ಕ, ಅಪ್ಪನ ಪಂಕ್ಚರ್ ಅಂಗಡಿಯಲ್ಲಿ ಲಾರಿ ಡ್ರೈವರುಗಳ ಬಾಯಿಂದ ಕಲಿತದ್ದು. ಅದರಲ್ಲಿ ಅರ್ಧಕ್ಕರ್ಧ ಬೈಗುಳವೇ. ಆದರೂ ತಂಗಿಯ ಮಗಳು ಹಿಂದಿ ಮಾತಾಡುತ್ತಾಳೆ ಎಂದು ನಿನಗೆ ಹೆಮ್ಮೆ.

ಬೇಕರಿಯ ಗಾಜಿನ ಹಿಂದೆ ಮೂರಂತಸ್ತಿನ ಬಿಳಿ ಕೇಕು ನಿಂತಿತ್ತು. ಬೇಕರಿಯವನು ರುಚಿ ನೋಡಲು ನಮ್ಮಿಬ್ಬರಿಗೂ ಚೂರು ಕೊಟ್ಟ. ನೀನು ಮುಟ್ಟಲಿಲ್ಲ. "ಮೊದ್ಲು ಕೇಳು, ಮೊಟ್ಟೆ ಹಾಕ್ತಾರಾ ಅಂತ."

ಕೇಳಿದೆ. ಹಾಕುತ್ತೇವೆ ಎಂದ. ಬೇಡವೆಂದರೆ ಇಲ್ಲದ್ದನ್ನೂ ಮಾಡಿಕೊಡುತ್ತೇನೆ, ಆದರೆ ನನ್ನ ಕೈಯಲ್ಲಿ ಅದು ಇಷ್ಟೆತ್ತರ ನಿಲ್ಲುವುದಿಲ್ಲ, ಒಂದೇ ಅಂತಸ್ತು ಎಂದ. ಪಾಪ, ಬಿಡಿಸಿ ಬಿಡಿಸಿ ಹೇಳಿದ. ಅವನು ಮಾತಾಡುವಷ್ಟು ಹೊತ್ತೂ ನೀನು ನನ್ನ ಮುಖವನ್ನೇ ನೋಡುತ್ತಿದ್ದೆ.

"ಏನಂತೆ?"

"ಇಲ್ವಂತೆ, ದೊಡ್ಡಮ್ಮ."

ಯಾಕೆ ಹಾಗೆಂದೆ — ಬೀಗರೆದುರು ನಮ್ಮ ಕೇಕು ಕುಳ್ಳಗೆ ಕಾಣಬಾರದೆಂದೇ? ಹಾಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆಶಾ "ಯಾವ್ದಾದ್ರೂ ಸರಿ ಕಣೇ" ಎಂದಿದ್ದಳು. ನನ್ನನ್ನು ಯಾರೂ ಒತ್ತಾಯಿಸಿರಲಿಲ್ಲ. ಎತ್ತರದ ಕೇಕಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆ, ಅಷ್ಟೇ. ಹಾಸ್ಟೆಲಿನಲ್ಲಿ ಕದ್ದು ಆಮ್ಲೆಟ್ ತಿಂದಿದ್ದೆ, ಏನೂ ಆಗಿರಲಿಲ್ಲ. ನಿನಗೂ ಏನಾದೀತು ಎಂದುಕೊಂಡೆ. ನೀನು ಯಾವುದನ್ನೂ ನೇರವಾಗಿ ಬಾಯಿಗಿಡುವವಳಲ್ಲ ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ.

ಕೇಕು ಕತ್ತರಿಸಿದ ಸಂಜೆ ನಮ್ಮ ಕಡೆಯ ಹಿರಿಯರು ತಟ್ಟೆ ಹಿಡಿದುಕೊಂಡು, ಮೊಟ್ಟೆಯ ಅನುಮಾನಕ್ಕೆ ತಿನ್ನದೆ ಕೂತಿದ್ದರು. ನೀನು ಎದ್ದು ನಿಂತೆ. "ನಾನೇ ಅಂಗಡಿಗೆ ಹೋಗಿ ಕೇಳಿಸೀನಿ. ನಮ್ಮ ಹುಡುಗಿ ಹೇಳೈತೆ, ಇಲ್ಲ ಅಂತ. ತಿನ್ರಿ." ಆಮೇಲೆ ಕುಳಿತು, ಕೊರಳಿನ ಬೆಳ್ಳಿ ಕರಡಿಗೆ ತೆಗೆದು, ಪ್ರತಿ ಊಟಕ್ಕೂ ಮಾಡುವಂತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೆ. ಬಲಗೈಯಲ್ಲಿ ಆ ಬಿಳಿ ಚೂರು. ಅದನ್ನು ಲಿಂಗಕ್ಕೆ ತೋರಿಸಿ ಕಣ್ಣು ಮುಚ್ಚಿದೆ.

ನಾನು ಪಕ್ಕದಲ್ಲೇ ಇದ್ದೆ. ಬೇಡ ಎನ್ನಲು ಸಮಯವಿತ್ತು. ನನ್ನೊಳಗೆ ಏನಾದರೂ ಆಗಬೇಕಿತ್ತು — ಏನೂ ಆಗಲಿಲ್ಲ. ಚಪ್ಪಲಿಯೊಳಗೆ ಮರಳು ಸೇರಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಚಮಚವಿತ್ತು. ಅಷ್ಟೇ ನೆನಪು. "ಎಷ್ಟ್ ಮೆತ್ತಗೈತಲ್ಲೇ" ಎಂದು ನೀನು ನನ್ನ ಕಡೆ ನೋಡಿ ನಕ್ಕೆ. ನಾನೂ ನಕ್ಕೆ.

ಅಂದಿನಿಂದ ಓದು ಬಾರದ ನಿನಗೆ ನಾನೇ ಕಣ್ಣು. ಬಿಸ್ಕತ್ತಿನ ಪೊಟ್ಟಣ, ಮಾತ್ರೆಯ ಡಬ್ಬಿ, ಬಂದ ಲಗ್ನಪತ್ರಿಕೆ — ಎಲ್ಲ ನನ್ನ ಕೈಗೇ. "ಅದು ಹೇಳಿದ್ರೆ ಮುಗೀತು, ಸುಳ್ಳು ಬರಲ್ಲ ಅದಕ್ಕೆ" ಎಂದು ಬಂದವರಿಗೆಲ್ಲ ಹೇಳುತ್ತೀಯ. ಆಮೇಲೆ ನಾನು ಒಂದಕ್ಷರ ತಪ್ಪಿಸಿ ಓದಿಲ್ಲ, ನಿಜ. ಅದರಿಂದ ಆ ಸಂಜೆ ಬದಲಾಗುವುದಿಲ್ಲ. ನಿನ್ನ ಬಾಯಿಗೆ ಹಾಕಿದ್ದು ಒಂದಾದರೆ, ನಿನ್ನ ಕೈಯಿಂದಲೇ ನಿನ್ನ ಲಿಂಗಕ್ಕೆ ಕೊಡಿಸಿದ್ದು ಇನ್ನೊಂದು. ಇದಕ್ಕೆ ಕ್ಷಮೆ ಕೇಳುವುದಾದರೂ ಹೇಗೆ ಎಂದು —

ಈ ಕಾಗದವನ್ನೂ ನಿನಗೆ ಓದಿ ಹೇಳಬೇಕಾದವಳು ನಾನೇ. ಸೋಮವಾರ ನಿನ್ನ ಪೂಜೆಯ ಹೊತ್ತಿಗೆ ಬರುತ್ತೇನೆ, ನೀನು ಊಟಕ್ಕೆ ಕೂರುವ ಮೊದಲೇ. ಹಾಳೆ ಬಿಚ್ಚುತ್ತಿದ್ದಂತೆ ನೀನು ನನ್ನ ಮುಖ ನೋಡಿ "ಏನಂತೆ?" ಎನ್ನುತ್ತೀಯ.

ಮೊದಲ ಸಾಲಿನಿಂದಲೇ ಓದುತ್ತೇನೆ.